ಒಂದು ವರ್ಷದ ಸೇವೆ, ಒಟ್ಟು ಬಾಳುವೆ, ಸಂಜೆಯ ಅವಲೋಕನ: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ಮುಗಿದ ಮೇಲೆ ಒಂದು ವರ್ಷವನ್ನು ಸೇವೆಗೆಂದು ತೆಗೆದಿಟ್ಟು, ಕಾಸರಗೋಡಿನ ಗಡಿ ಪಂಚಾಯತುಗಳಲ್ಲಿ ಒಟ್ಟಿಗೆ ಉಳಿದು ಕೆಲಸ ಮಾಡುವ ಯುವಕ ಯುವತಿಯರ ಬಗ್ಗೆ ನಮ್ಮನ್ನು ಕೇಳುವವರು ಹಲವರಿದ್ದಾರೆ. ಸೇರಬೇಕೆಂದಿರುವವರು, ಅವರ ತಂದೆತಾಯಂದಿರು, ಈಗಾಗಲೇ ಸೇವೆಯಲ್ಲಿರುವವರು, ಊರಿನ ಹಿರಿಯರು ಮಾತಿನಲ್ಲೂ ಪತ್ರಗಳಲ್ಲೂ ಕೇಳಿದ್ದನ್ನು ಆದಷ್ಟು ಅವರದೇ ಮಾತುಗಳಲ್ಲಿ ಇಲ್ಲಿ ಇರಿಸಿದ್ದೇವೆ. ಮೊದಲಿನವು ಸರಳ ಪ್ರಶ್ನೆಗಳು. ಕೊನೆಯ ಕೆಲವು ನಮ್ಮೊಳಗೆ ಇನ್ನೂ ಚರ್ಚೆಯಲ್ಲಿರುವಂಥವು.

### ಸೇರುವ ಮೊದಲು

ಎನ್.ಎಸ್.ಎಸ್. ಶಿಬಿರಕ್ಕೆ ಹೋಗಿ ಬಂದಿದ್ದೇನೆ. ಇದೂ ಅಂಥದ್ದೇ ಅಲ್ಲವೇ?

ಹತ್ತಿರದ್ದು ಹೌದು, ಅದೇ ಅಲ್ಲ. ರಾಷ್ಟ್ರೀಯ ಸೇವಾ ಯೋಜನೆಯು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಅದರ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಕೆಲಸ ಮಾಡಿ, ಏಳು ದಿನಗಳ ಒಂದು ವಿಶೇಷ ಶಿಬಿರದಲ್ಲಿ ಭಾಗವಹಿಸುತ್ತಾರೆ. ಏಳು ದಿನವನ್ನು ಉತ್ಸಾಹದಲ್ಲೇ ಕಳೆಯಬಹುದು. ವರ್ಷಪೂರ್ತಿ ಉಳಿದರೆ ಉತ್ಸಾಹ ಇಳಿದ ಮೇಲಿನ ದಿನಗಳೂ ಬರುತ್ತವೆ. ಕಲಿಯಬೇಕಾದದ್ದರಲ್ಲಿ ಹೆಚ್ಚಿನದು ಆ ದಿನಗಳಲ್ಲೇ ಸಿಗುತ್ತದೆ ಎಂಬುದು ನಮ್ಮ ಅನುಭವ.

ಹೀಗೆ ಒಟ್ಟಿಗೆ ಬಾಳುತ್ತಾ ಸೇವೆ ಮಾಡುವ ಪದ್ಧತಿ ಹೊಸತೇನಲ್ಲ. ಅಹಮದಾಬಾದಿನ ಕೊಚ್ರಬ್‌ನಲ್ಲಿ ಗಾಂಧೀಜಿ 1915ರಲ್ಲಿ ಆರಂಭಿಸಿದ ಆಶ್ರಮದಲ್ಲಿ ಪ್ರಾರ್ಥನೆ, ಅಡುಗೆ, ಕಕ್ಕಸು ತೊಳೆಯುವ ಕೆಲಸ ಎಲ್ಲವೂ ಒಂದೇ ದಿನಚರಿಗೆ ಸೇರಿದ್ದವು. ಅಮೆರಿಕದಲ್ಲಿ 1956ರಲ್ಲಿ ಅಲಾಸ್ಕಾದ ಒಂದು ಶಾಲೆಯಲ್ಲಿ ಶುರುವಾದ ಜೆಸ್ವಿಟ್ ವಾಲಂಟಿಯರ್ ಕೋರ್ (ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದ ಪರಂಪರೆಯ ಸ್ವಯಂಸೇವಕ ಪಡೆ) ಸರಳ ಬದುಕು, ಸಮುದಾಯ, ಸಾಮಾಜಿಕ ನ್ಯಾಯ, ಆಧ್ಯಾತ್ಮಿಕತೆ ಎಂಬ ನಾಲ್ಕನ್ನೂ ಒಂದರಿಂದ ಒಂದನ್ನು ಬೇರ್ಪಡಿಸದೆ ನಡೆಸಿಕೊಂಡು ಬಂದಿದೆ. ನಮ್ಮ ದಿನಚರಿ ಎರಡೂ ಕಡೆಯಿಂದ ಕಲಿತದ್ದು.

ಕೆಲಸ ಅಂದರೆ ಏನು ಮಾಡಿಸುತ್ತೀರಿ?

ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಪೈವಳಿಕೆ ಮೊದಲಾದ ಪಂಚಾಯತುಗಳ ಪಾಲಿಯೇಟಿವ್ ನರ್ಸ್ (ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಿ ಮನೆಯಲ್ಲೇ ಆರೈಕೆ ಮಾಡುವವರು) ಜೊತೆಗೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವುದು ಮುಖ್ಯ ಕೆಲಸ. ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಸ್ಥಳೀಯಾಡಳಿತಗಳು ನಡೆಸುವ ಬಡ್ಸ್ ಶಾಲೆಗಳಲ್ಲಿ ಶಿಕ್ಷಕಿಯರಿಗೆ ನೆರವಾಗುವುದು, ಕನ್ನಡ ಮಾಧ್ಯಮದ ಮಕ್ಕಳಿಗೆ ಸಂಜೆ ಪಾಠ ಹೇಳುವುದು, ಅರ್ಜಿ ತುಂಬಿಸಿ ಕಚೇರಿಗೆ ಮುಟ್ಟಿಸುವುದು ಉಳಿದವು. ಗಾಯಕ್ಕೆ ಔಷಧ ಹಾಕುವುದು, ಕೊಳವೆ ಬದಲಿಸುವುದು ನರ್ಸ್ ಕೆಲಸ. ಸ್ವಯಂಸೇವಕರು ಅದಕ್ಕೆ ಕೈಹಾಕುವಂತಿಲ್ಲ.

ನನಗೆ ಮಲಯಾಳ ಓದಲು ಬರುವುದಿಲ್ಲ. ತೊಂದರೆಯೇ?

ಬಂದ ಮೇಲೆ ಕಲಿತರೆ ಸಾಕು, ಆದರೆ ಕಲಿಯಲೇಬೇಕು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿ ಕನ್ನಡದಲ್ಲಿ ಕಲಿತ ಹಿರಿಯರಿಗೆ ಕಚೇರಿಯ ಕಾಗದವೆಂದರೆ ಬೇರೆಯವರಿಂದ ಓದಿಸಿಕೊಳ್ಳಬೇಕಾದ ಕಾಗದ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಪಿಂಚಣಿಯ ಅರ್ಜಿ ಮಲಯಾಳದಲ್ಲಿರುತ್ತದೆ, ಮನೆಮಾತು ತುಳುವೋ ಹವ್ಯಕ ಕನ್ನಡವೋ ಮರಾಟಿಯೋ ಬ್ಯಾರಿಯೋ ಆಗಿರುತ್ತದೆ. ಮಾತ್ರೆ ಊಟಕ್ಕೆ ಮೊದಲೋ ಅನಂತರವೋ ಎಂಬುದನ್ನು ಅಜ್ಜಿಗೆ ಅವರದೇ ಮಾತಿನಲ್ಲಿ ಹೇಳಿ, ಅವರಿಂದಲೇ ತಿರುಗಿ ಹೇಳಿಸಿ ಬರುವವರು ಆ ದಿನದ ದೊಡ್ಡ ಕೆಲಸವನ್ನು ಮಾಡಿದ್ದಾರೆ ಎಂದೇ ನಾವು ಭಾವಿಸುತ್ತೇವೆ.

ನಾನು ದೇವರನ್ನು ನಂಬುವವನಲ್ಲ. ಬರಬಹುದೇ?

ಬರಬಹುದು. ನಂಬಿಕೆಯನ್ನು ಯಾರಿಂದಲೂ ಕೇಳುವುದಿಲ್ಲ. ಕೇಳುವುದು ಎರಡನ್ನು ಮಾತ್ರ: ದಿನಕ್ಕೊಮ್ಮೆ ಮೌನವಾಗಿ ಕುಳಿತು ತಮ್ಮ ನಡತೆಯನ್ನು ತಾವೇ ನೋಡಿಕೊಳ್ಳಲು ಒಪ್ಪಬೇಕು, ಮತ್ತು ಹೋದ ಮನೆಯವರ ನಂಬಿಕೆಗೆ ಮರ್ಯಾದೆ ಕೊಡಬೇಕು. ದೇವರ ಕೋಣೆಯ ದೀಪ ಆರದ ಹಾಗೆ ನೋಡಿಕೊಳ್ಳೆಂದು ಹಾಸಿಗೆಯಲ್ಲಿರುವ ಅಜ್ಜ ಹೇಳಿದರೆ ಎಣ್ಣೆ ಹಾಕಿ ಬರುವುದಕ್ಕೆ ನಿಮ್ಮ ನಾಸ್ತಿಕತೆ ಅಡ್ಡಿಯಾಗಬಾರದು.

ಮಗಳು ಒಂದು ವರ್ಷ ಹಾಳುಮಾಡಿಕೊಳ್ಳುತ್ತಿದ್ದಾಳೆ ಅನಿಸುತ್ತದೆ. ನೀವೇನು ಹೇಳುತ್ತೀರಿ?

ನಷ್ಟವೇ ಇಲ್ಲವೆಂದು ಹೇಳಲಾರೆವು. ಒಂದು ವರ್ಷದ ಸಂಬಳ ಹೋಗುತ್ತದೆ, ಜೊತೆಯವರು ಕೆಲಸದಲ್ಲಿ ಒಂದು ಮೆಟ್ಟಿಲು ಮುಂದಿರುತ್ತಾರೆ, ಇಲ್ಲಿ ಸಿಗುವುದು ಊಟ, ವಸತಿ ಮತ್ತು ಬಸ್ ಖರ್ಚು ಮಾತ್ರ. ಮನೆಯಲ್ಲಿ ತೀರಿಸಬೇಕಾದ ಸಾಲವಿದ್ದರೆ, ಅವಳ ದುಡಿಮೆಯನ್ನೇ ಕಾಯುತ್ತಿರುವ ತಮ್ಮ ತಂಗಿಯರಿದ್ದರೆ, ಈಗ ಬರಬೇಡವೆಂದು ನಾವೇ ಹೇಳುತ್ತೇವೆ. ಹಾಗಿಲ್ಲದಿದ್ದರೆ ಅವಳನ್ನು ತಡೆಯಬೇಡಿ. ಹುಡುಗಿಯರ ವಸತಿ ಮತ್ತು ಹುಡುಗರ ವಸತಿ ಬೇರೆ ಬೇರೆ; ಅಡುಗೆ, ಊಟ, ಸಂಜೆಯ ಕೂಟ ಮಾತ್ರ ಒಟ್ಟಿಗೆ. ಯಾವಾಗ ಬೇಕಾದರೂ ಬಂದು ನೋಡಬಹುದು, ಒಂದು ರಾತ್ರಿ ಉಳಿದೇ ಹೋಗಬಹುದು.

### ಒಟ್ಟು ಬಾಳುವೆ

ಪ್ರಾರ್ಥನೆಯಲ್ಲಿ ಯಾರ ದೇವರ ಹೆಸರು ಹೇಳುವುದು?

ಗಾಂಧೀಜಿಯ ಆಶ್ರಮಗಳಲ್ಲಿ ನಡೆಯುತ್ತಿದ್ದ ಸರ್ವಧರ್ಮ ಪ್ರಾರ್ಥನೆಯ ಕ್ರಮವನ್ನು ನಾವು ಸಡಿಲವಾಗಿ ಅನುಸರಿಸುತ್ತೇವೆ. ಪ್ರತಿದಿನ ಒಬ್ಬರ ಸರದಿ. ಅವರು ತಮಗೆ ಬಂದದ್ದನ್ನು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಒಂದು ದಿನ ದಾಸರ ಪದ, ಇನ್ನೊಂದು ದಿನ ಕೊಂಕಣಿಯ ಸ್ತುತಿಗೀತೆ, ಮತ್ತೊಂದು ದಿನ ಕುರಾನಿನ ಮೊದಲ ಅಧ್ಯಾಯ. ಹೇಳುವುದಕ್ಕೆ ಏನೂ ಇಲ್ಲದವರ ಸರದಿಯಲ್ಲಿ ಬರೀ ಮೌನ. ಅನಂತರ ಎಲ್ಲರಿಗೂ ಹತ್ತು ನಿಮಿಷದ ಮೌನವಿದೆ. ಅದಕ್ಕೆ ವಿನಾಯಿತಿ ಇಲ್ಲ.

ಈ ನೆಲದಲ್ಲಿ ಇದು ಕಷ್ಟದ ಕೆಲಸವೇನಲ್ಲ. ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಮಧೂರಿನ ಗಣಪತಿ, ಬೇಳದ ಇಗರ್ಜಿ, ಎಡನೀರು ಮಠ ಒಂದೇ ಬೆಳಿಗ್ಗೆಯಲ್ಲಿ ಸುತ್ತಿಬರುವಷ್ಟು ಹತ್ತಿರದಲ್ಲಿವೆ. ತಿಂಗಳಿಗೊಮ್ಮೆ ನಾವು ಇಂಥ ಒಂದು ಜಾಗಕ್ಕೆ ಹೋಗಿ ಸುಮ್ಮನೆ ಕುಳಿತು ಬರುತ್ತೇವೆ. ಹೆಚ್ಚಿನವರು ಎರಡನೆಯ ಸಲವೂ ಹೋಗಬೇಕೆನ್ನುವುದು ಸ್ವಾಮಿ ರಾಮದಾಸರು 1931ರಲ್ಲಿ ಕಾಞಂಗಾಡಿನಲ್ಲಿ ಸ್ಥಾಪಿಸಿದ ಆನಂದಾಶ್ರಮಕ್ಕೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವ ರಾಮನಾಮದ ನಡುವೆ ಬಂದು ಸೇರುವವರನ್ನೂ ನಡುವೆ ಎದ್ದು ಹೋಗುವವರನ್ನೂ ಯಾರೂ ವಿಚಾರಿಸುವುದಿಲ್ಲ.

ಒಂದೇ ಅಡುಗೆಮನೆಯಲ್ಲಿ ಮೀನು ತಿನ್ನುವವರೂ ತಿನ್ನದವರೂ ಹೇಗೆ ಇರುತ್ತೀರಿ? ಜಗಳ ಆಗುವುದಿಲ್ಲವೇ?

ಆಗುತ್ತದೆ. ಹೊರಗಿನ ಕೆಲಸದಲ್ಲಿ ಯಾರೂ ಜಗಳವಾಡುವುದಿಲ್ಲ, ರೋಗಿಯ ಮನೆಯಲ್ಲಿ ಎಲ್ಲರೂ ತಾಳ್ಮೆಯವರೇ. ಸಂಜೆ ಹಿಂದಿರುಗಿ ಸಿಂಕಿನಲ್ಲಿ ತೊಳೆಯದ ಕುಕ್ಕರ್ ನೋಡಿದಾಗ ಆ ತಾಳ್ಮೆ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಒಟ್ಟು ಬಾಳುವೆಯನ್ನು ನಾವು ಸೇವೆಯಷ್ಟೇ ಮುಖ್ಯವೆಂದು ಹೇಳುವುದು ಇದಕ್ಕಾಗಿಯೇ: ನಮ್ಮಿಂದ ಏನನ್ನೂ ನಿರೀಕ್ಷಿಸದ ಅಪರಿಚಿತರೊಡನೆ ಒಳ್ಳೆಯವರಾಗಿರುವುದು ಸುಲಭ, ದಿನವೂ ನಮ್ಮ ಬಕೆಟ್ಟನ್ನು ಕೇಳದೆ ಎತ್ತಿಕೊಂಡು ಹೋಗುವವರೊಡನೆ ಅಷ್ಟು ಸುಲಭವಲ್ಲ.

ಮೀನಿನ ವಿಷಯಕ್ಕೆ ಬಂದರೆ, ಅದಕ್ಕೆ ಬೇರೆ ಬಾಣಲೆ, ಬೇರೆ ಒಲೆ, ಹೊರಗಿನ ಚಾವಡಿಯಲ್ಲಿ ಅಡುಗೆ. ತಿನ್ನದವರು ಮೂಗು ಮುಚ್ಚಿಕೊಳ್ಳುವಂತಿಲ್ಲ, ತಿನ್ನುವವರು ತಮಾಷೆ ಮಾಡುವಂತಿಲ್ಲ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ಅದರಲ್ಲಿ ಯಾರಿಗೂ ತಕರಾರಿಲ್ಲ. ಅಡುಗೆಯ ಸರದಿ ಇರುವವರು ಎಲ್ಲರಿಗೂ ಬಡಿಸಿದ ಮೇಲೆ ಕೊನೆಯಲ್ಲಿ ಉಣ್ಣುತ್ತಾರೆ. ಪಲ್ಯ ಸಾಲದೆ ಹೋದದ್ದು ಅಡುಗೆ ಮಾಡಿದವರಿಗೇ ಮೊದಲು ಗೊತ್ತಾಗಲಿ ಎಂಬುದು ಇದರ ಉದ್ದೇಶ. ಅನ್ನ ಕಡಿಮೆ ಬೇಯಿಸಿದ ಮರುದಿನವೇ ಅಳತೆ ಸರಿಹೋಗುತ್ತದೆ.

ಶನಿವಾರ ರಾತ್ರಿ ಮನೆಯ ಕೂಟವಿದೆ. ಒಬ್ಬೊಬ್ಬರೇ ಮಾತಾಡುತ್ತಾರೆ, ನಡುವೆ ಬಾಯಿಹಾಕುವಂತಿಲ್ಲ. ನಡೆದ ಸಂಗತಿಯನ್ನು ಹೇಳಬಹುದು, ಆಳನ್ನು ಅಳೆಯುವಂತಿಲ್ಲ. “ನೀನು ಯಾವಾಗಲೂ ಹೀಗೆಯೇ” ಎಂದು ಆರಂಭವಾದ ಮಾತನ್ನು ಕೂಟ ಅಲ್ಲಿಗೇ ನಿಲ್ಲಿಸುತ್ತದೆ. “ಬುಧವಾರ ನಾನು ಬಂದಾಗ ಸ್ನಾನಕ್ಕೆ ನೀರಿರಲಿಲ್ಲ” ಎಂದರೆ ಕೇಳುತ್ತದೆ. ದೂರು ಹೇಳಿದವರೇ ಅದೇ ವ್ಯಕ್ತಿಯ ಒಂದು ಒಳ್ಳೆಯ ಕೆಲಸವನ್ನೂ ನೆನೆಯಬೇಕು. ಮೊದಮೊದಲು ಇದು ಕೃತಕವೆನಿಸುತ್ತದೆ. ಮಳೆಗಾಲ ಕಳೆಯುವ ಹೊತ್ತಿಗೆ ಹೆಚ್ಚಿನವರು ಕೂಟದ ಹೊರಗೂ ಹಾಗೆಯೇ ಮಾತಾಡತೊಡಗಿರುತ್ತಾರೆ.

ಮೊಬೈಲ್ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು. ಊಟಕ್ಕೂ ಕೂಟಕ್ಕೂ ತರುವಂತಿಲ್ಲ, ರೋಗಿಗಳ ಅಥವಾ ಬಡ್ಸ್ ಶಾಲೆಯ ಮಕ್ಕಳ ಫೋಟೊ ತೆಗೆಯುವಂತಿಲ್ಲ. ಎರಡನೆಯ ನಿಯಮವನ್ನು ಮುರಿದವರಿಗೆ ಎರಡನೆಯ ಅವಕಾಶವಿಲ್ಲ.

### ಅವಲೋಕನ

ಸಂಜೆಯ ಅವಲೋಕನ ಎನ್ನುತ್ತೀರಲ್ಲ, ಅದು ಡೈರಿ ಬರೆಯುವುದೇ?

ಬರವಣಿಗೆ ಅದರ ಒಂದು ಭಾಗ. ದಿನದ ಕೊನೆಯಲ್ಲಿ ಆ ದಿನವನ್ನು ಮತ್ತೊಮ್ಮೆ ನಿಧಾನವಾಗಿ ನೋಡುವ ಅಭ್ಯಾಸ ಹಲವು ಪರಂಪರೆಗಳಲ್ಲಿದೆ. ಜೆಸ್ವಿಟ್ ಸಂಘದ ಸ್ಥಾಪಕರಲ್ಲಿ ಮುಖ್ಯರಾದ ಇಗ್ನೇಷಿಯಸ್ ಲೊಯೋಲಾ (1491–1556) ಆತ್ಮಪರೀಕ್ಷೆಗೆ ಹಾಕಿಕೊಟ್ಟ ಕ್ರಮದಲ್ಲಿ ಮೊದಲ ಹೆಜ್ಜೆ ಕೃತಜ್ಞತೆ. ತಪ್ಪುಗಳ ಲೆಕ್ಕ ಆಮೇಲಿನದು. ಗಾಂಧೀಜಿ ಆಶ್ರಮವಾಸಿಗಳಿಗೆ ದಿನಚರಿ ಬರೆಯಲು ಒತ್ತಾಯಿಸುತ್ತಿದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ತಮ್ಮ ತಮ್ಮ ಕಾಯಕದಿಂದ ಎದ್ದು ಬಂದು ಅನುಭವವನ್ನು ಎಲ್ಲರ ಮುಂದಿಡುತ್ತಿದ್ದರು. ದುಡಿಮೆಯನ್ನೂ ಚಿಂತನೆಯನ್ನೂ ಬೇರೆ ಬೇರೆ ಜನರಿಗೆ ಹಂಚಿರಲಿಲ್ಲ ಎಂಬುದು ನಮಗೆ ಅಲ್ಲಿಂದ ಸಿಗುವ ದೊಡ್ಡ ಪಾಠ.

ನಮ್ಮಲ್ಲಿ ಮೂರು ಪ್ರಶ್ನೆಗಳಿವೆ. ಈ ದಿನ ಯಾರಿಂದ ಏನು ಪಡೆದೆ? ಎಲ್ಲಿ ನನ್ನ ಮನಸ್ಸು ಮುಚ್ಚಿಕೊಂಡಿತು? ನಾಳೆ ಯಾರ ಮನೆಗೆ ಏನನ್ನು ಮರೆಯದೆ ಒಯ್ಯಬೇಕು? ಮೂರನೆಯದನ್ನು ನಾವು ಬಿಡಿಸಿಹೇಳುತ್ತೇವೆ, ಏಕೆಂದರೆ ಎಷ್ಟೇ ಆಳವಾದ ಚಿಂತನೆಯಾದರೂ ನಾಳೆಯ ಚೀಲದಲ್ಲಿ ಉಗುರು ಕತ್ತರಿಯೋ ಹತ್ತಿಯ ಹಳೆಯ ಬಟ್ಟೆಯೋ ಆಗಿ ಬರದಿದ್ದರೆ ಅದು ನಮ್ಮಲ್ಲೇ ಉಳಿದುಬಿಡುತ್ತದೆ. ಬರೆದದ್ದನ್ನು ಬೇರೆಯವರಿಗೆ ತೋರಿಸಬೇಕಾಗಿಲ್ಲ. ಹೇಳಬೇಕೆನಿಸಿದರೆ ಕೂಟದಲ್ಲಿ ಹೇಳಬಹುದು.

ನಾಲ್ಕು ತಿಂಗಳಾಯಿತು. ದಿನವೂ ಅದೇ ಮನೆ, ಅದೇ ಕೆಲಸ. ಬರೆಯಲು ಏನೂ ಇಲ್ಲ. ಏನು ಮಾಡಲಿ?

ಕೆಲಸವನ್ನೇ ಇನ್ನೂ ಹತ್ತಿರದಿಂದ ನೋಡಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನೀವು ಕಲಿತಿದ್ದೀರಿ. ಬದಲಿಸುವಾಗ ಬೆನ್ನಿನ ಕೆಳತುದಿ, ಸೊಂಟದ ಎಲುಬಿನ ಮೇಲ್ಭಾಗ, ಹಿಮ್ಮಡಿಗಳನ್ನು ನೋಡಬೇಕು. ಕೆಂಪಾದ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟಾಗಲೂ ಕೆಂಪು ಹಾಗೆಯೇ ಉಳಿದರೆ ಅದು ಹುಣ್ಣಿನ ಮೊದಲ ಗುರುತು. ಮೈಬಣ್ಣ ಕಪ್ಪಾಗಿದ್ದವರಲ್ಲಿ ಕೆಂಪು ಕಾಣದಿರಬಹುದು, ಆಗ ಆ ಜಾಗ ಸುತ್ತಲಿನದಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ತಿಳಿಯಬೇಕು. ಇದಿಷ್ಟನ್ನೂ ಗಮನವಿಟ್ಟು ಮಾಡಿದವರ ಕೈ ಎರಡು ನಿಮಿಷವಾದರೂ ಇನ್ನೊಬ್ಬರ ಮೈಯನ್ನು ಪೂರ್ತಿ ಎಚ್ಚರದಿಂದ ಮುಟ್ಟಿರುತ್ತದೆ. ಜಪಕ್ಕೆ ಕುಳಿತವರು ಬಯಸುವುದು ಇಂಥ ಎಚ್ಚರವನ್ನೇ. ಆ ಎರಡು ನಿಮಿಷಗಳಲ್ಲಿ ನಿಮ್ಮ ಮನಸ್ಸು ಎಲ್ಲಿಗೆ ಹೋಗಿತ್ತು, ಯಾವಾಗ ಮರಳಿತು ಎಂಬುದನ್ನು ಬರೆಯಿರಿ.

ಬೇಸರ ಬಂದಿದೆ ಎಂದೂ ಬರೆಯಿರಿ. ಬಾಯಾರು, ಪಡ್ರೆಯ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಲ್ಲಿ ನೀರು ಬೊಟ್ಟುಬೊಟ್ಟಾಗಿಯೇ ಬರುತ್ತದೆ. ಬೆಳಗಾಗುವಾಗ ತೊಟ್ಟಿ ತುಂಬಿರುತ್ತದೆ. ಎರಡು ಸಾಲಿನ ದಿನಗಳನ್ನೂ ಬಿಡದೆ ಬರೆದವರು ವರ್ಷದ ಕೊನೆಯಲ್ಲಿ ಹಿಂದಿರುಗಿ ಓದುವಾಗ ಹೀಗೆಯೇ ಕಂಡುಕೊಂಡಿದ್ದಾರೆ.

ಇಷ್ಟು ನೋವು ನೋಡಿದ ಮೇಲೆ ದೇವರ ಮೇಲೆ ಸಿಟ್ಟು ಬರುತ್ತದೆ. ಇದು ತಪ್ಪೇ?

ತಪ್ಪಲ್ಲ. ಆದರೆ ಸಿಟ್ಟು ಸರಿಯಾದ ವಿಳಾಸಕ್ಕೆ ಹೋಗುತ್ತಿದೆಯೇ ಎಂದು ನೋಡಬೇಕು. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಎಂಡೋಸಲ್ಫಾನ್ ಪೀಡಿತರ ಮನೆಗಳಿಗೆ ಹೋಗಿಬಂದವರು. ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಮನೆಯವರು ಕುಡಿಯುವುದು ಅದೇ ಗುಡ್ಡದಿಂದ ಇಳಿದು ಬರುವ ನೀರು. ಸಿಂಪಡಣೆಯನ್ನು ಪ್ರಶ್ನಿಸಿದವರು ಈ ಊರಿನವರೇ: ಪಡ್ರೆಯ ಪತ್ರಕರ್ತ ಶ್ರೀಪಡ್ರೆ, ಅಲ್ಲಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಪೆರಿಯದ ಲೀಲಾಕುಮಾರಿ ಅಮ್ಮ. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳಿಗೆ ತಡೆ ನೀಡಿತು. 2017ರ ಜನವರಿಯಲ್ಲಿ ಪ್ರತಿ ಪೀಡಿತರಿಗೂ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು.

ಹಾಗಾಗಿ “ಎಲ್ಲಾ ಹಣೆಬರಹ” ಎಂದು ಆ ಮನೆಯ ತಾಯಿಗೆ ಸಮಾಧಾನ ಹೇಳಲು ಹೊರಡಬೇಡಿ. ಅವರೇ ಹಾಗೆ ಹೇಳಿಕೊಂಡರೆ ಸುಮ್ಮನೆ ಕೇಳಿ, ಅದು ಅವರ ಹಕ್ಕು. ನಮ್ಮ ಬಾಯಲ್ಲಿ ಆ ಮಾತು ಬಂದರೆ, ಮನುಷ್ಯರು ತೆಗೆದುಕೊಂಡ ನಿರ್ಧಾರವನ್ನು ದೇವರ ತಲೆಗೆ ಕಟ್ಟಿದಂತಾಗುತ್ತದೆ. ಅವರ ಹೆಸರು ಪೀಡಿತರ ಪಟ್ಟಿಯಲ್ಲಿದೆಯೇ, ಆರೈಕೆ ಮಾಡುವವರಿಗೆ ಸಿಗಬೇಕಾದ ಆಶ್ವಾಸಕಿರಣಂ ಸಹಾಯಧನ ಬರುತ್ತಿದೆಯೇ, ನಿಂತುಹೋಗಿದ್ದರೆ ಯಾವ ಕಾಗದ ಬಾಕಿ ಎಂದು ವಿಚಾರಿಸುವುದಕ್ಕೆ ಆ ಸಿಟ್ಟು ಉಪಯೋಗಕ್ಕೆ ಬರಲಿ. ನ್ಯಾಯದ ಈ ಓಡಾಟವನ್ನು ನಾವು ಆಧ್ಯಾತ್ಮಿಕ ಸಾಧನೆಯಿಂದ ಬೇರೆಯೆಂದು ಎಣಿಸಿಲ್ಲ.

ಇದೆಲ್ಲದರ ಅನಂತರವೂ ಉಳಿಯುವ ಸಿಟ್ಟು ಒಂದಿದೆ. ಅದನ್ನು ಮೌನದ ಹತ್ತು ನಿಮಿಷಕ್ಕೆ ಹಾಗೆಯೇ ತನ್ನಿ. ಭಕ್ತರು ದೇವರನ್ನು ಬೈದು ಹಾಡಿದ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ.

### ಕಷ್ಟದ ಪ್ರಶ್ನೆಗಳು

ನಾವು ನೋಡಿಕೊಳ್ಳುತ್ತಿದ್ದವರು ತೀರಿಕೊಂಡರೆ ಹೇಗೆ ನಡೆದುಕೊಳ್ಳಬೇಕು?

ಹೋಗಬೇಕು. ಹೋಗಿ ಕೆಲಸವಿದ್ದರೆ ಮಾಡಬೇಕು, ಇಲ್ಲದಿದ್ದರೆ ಜಗಲಿಯಲ್ಲಿ ಕುಳಿತಿರಬೇಕು. ಯಾರನ್ನು ಒಳಗೆ ಬಿಡುತ್ತಾರೆ, ಯಾರು ಮುಟ್ಟಬಹುದು ಎಂಬುದು ಮನೆಯಿಂದ ಮನೆಗೆ ಬೇರೆ. ಹಿರಿಯರೊಬ್ಬರನ್ನು ಕೇಳಿ ನಡೆಯಿರಿ. ಏನಾದರೂ ಹೇಳಲೇಬೇಕೆಂಬ ಒತ್ತಡಕ್ಕೆ ಒಳಗಾಗಬೇಡಿ. ನಿಮ್ಮ ಭೇಟಿ ಹೆಚ್ಚು ಬೇಕಾಗುವುದು ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ. ವರ್ಷಗಟ್ಟಲೆ ಹಾಸಿಗೆಯ ಪಕ್ಕದಲ್ಲೇ ದಿನ ಕಳೆದ ಸೊಸೆಗೋ ಉಮ್ಮನಿಗೋ ಮಧ್ಯಾಹ್ನದ ಹೊತ್ತು ಏನು ಮಾಡಬೇಕೆಂದು ತೋಚದಿರುವ ದಿನಗಳವು. ರೋಗಿ ಇಲ್ಲದ ಮನೆಗೂ ಕನಿಷ್ಠ ಮೂರು ತಿಂಗಳು ಹೋಗುತ್ತಿರುವುದು ನಮ್ಮ ಕ್ರಮ.

ಒಂದು ವರ್ಷ ಹಚ್ಚಿಕೊಂಡು ಆಮೇಲೆ ಬಿಟ್ಟುಹೋಗುವುದು ಆ ಮನೆಯವರಿಗೆ ಮಾಡುವ ಅನ್ಯಾಯವಲ್ಲವೇ?

ನಮಗೆ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಗಂಭೀರವಾದದ್ದು ಇದು. ಕೇಳಿದವರು ಬಡ್ಸ್ ಶಾಲೆಯ ಶಿಕ್ಷಕಿಯೊಬ್ಬರು. ಹುಡುಗನೊಬ್ಬ ಸ್ವಯಂಸೇವಕಿ ಬರುವ ಬಾಗಿಲನ್ನೇ ವಾರಗಟ್ಟಲೆ ನೋಡುತ್ತಿದ್ದನೆಂದು ಅವರು ಹೇಳಿದರು.

ಈ ನೋವನ್ನು ಪೂರ್ತಿ ತಪ್ಪಿಸಲಾಗದು. ಕಡಿಮೆ ಮಾಡಲು ಮೂರು ಕ್ರಮಗಳನ್ನು ಇಟ್ಟುಕೊಂಡಿದ್ದೇವೆ. ವರ್ಷದವರು ಎಂದಿಗೂ ಒಂಟಿಯಾಗಿ ಒಂದು ಮನೆಯನ್ನು ಹಿಡಿಯುವುದಿಲ್ಲ, ಊರಿನಲ್ಲೇ ಇರುವ ಒಬ್ಬರು ಜೊತೆಗಿರುತ್ತಾರೆ. ಹೋಗುವ ತಿಂಗಳನ್ನು ಮೊದಲ ದಿನವೇ ಮನೆಯವರಿಗೆ ಹೇಳುತ್ತೇವೆ. ಹೊಸಬರು ಬಂದ ಮೇಲೆ ಹಳಬರು ಮತ್ತೊಂದು ತಿಂಗಳು ಉಳಿದು, ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಕೇರಳದ ಪಾಲಿಯೇಟಿವ್ ಚಳವಳಿಯ ಬಲವೂ ಊರಿನವರೇ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಕೆಲಸ ಮನೆಮನೆಗೆ ಹರಡಿದ್ದು ನೆರೆಹೊರೆಯವರು ತರಬೇತಿ ಪಡೆದು ಕೈಜೋಡಿಸಿದ್ದರಿಂದ. ರಾಜ್ಯ ಸರ್ಕಾರ 2008ರಲ್ಲಿ ನೀತಿ ರೂಪಿಸಿದ ಮೇಲೆ ಪಂಚಾಯತುಗಳು ಆ ಹೊಣೆಯನ್ನು ಹೊತ್ತವು. ಒಂದು ವರ್ಷಕ್ಕೆ ಬಂದವರು ಈ ವ್ಯವಸ್ಥೆಯ ಬದಿಯಲ್ಲಿ ನಿಂತು ಕೈಕೊಡುವವರು. ತಾವಿಲ್ಲದಿದ್ದರೆ ಆ ಮನೆ ನಡೆಯದು ಎಂಬ ಭಾವನೆ ಯಾರಲ್ಲಾದರೂ ಮೂಡಿದರೆ ಅದನ್ನು ಸಂಜೆಯ ಎರಡನೆಯ ಪ್ರಶ್ನೆಯ ಕೆಳಗೆ ಬರೆಯಲು ಹೇಳುತ್ತೇವೆ.

ಇಷ್ಟಾದರೂ ಆ ಶಿಕ್ಷಕಿಯ ಪ್ರಶ್ನೆಗೆ ಉತ್ತರ ಪೂರ್ತಿಯಾಗಿಲ್ಲ. ಬಡ್ಸ್ ಶಾಲೆಗೆ ಎರಡು ವರ್ಷ ಇರಬಲ್ಲವರನ್ನೇ ಕಳುಹಿಸಬೇಕೆಂಬ ಅವರ ಸಲಹೆಯನ್ನು ಈಗ ಪರಿಶೀಲಿಸುತ್ತಿದ್ದೇವೆ.

ಸೇವೆಯಿಂದ ನನಗೇ ಸಂತೋಷ ಸಿಗುತ್ತದೆ. ಹಾಗಾದರೆ ಇದು ಸ್ವಾರ್ಥವಾಯಿತಲ್ಲ?

ವಿವೇಕಾನಂದರು 1897ರಲ್ಲಿ ಸ್ಥಾಪಿಸಿದ ರಾಮಕೃಷ್ಣ ಮಿಷನ್ನಿನ ಧ್ಯೇಯವಾಕ್ಯ ತನ್ನ ಬಿಡುಗಡೆಯನ್ನೂ ಲೋಕದ ಹಿತವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಎರಡಕ್ಕೂ ವಿರೋಧವಿದೆ ಎಂದುಕೊಳ್ಳಬೇಕಾಗಿಲ್ಲ. ಸಂತೋಷ ಸಿಗದ ದಿನವೂ ಹೇಳಿದ ಹೊತ್ತಿಗೆ ಹೋಗುತ್ತೀರಾ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಹೋಗುತ್ತೀರಾದರೆ ಸಂತೋಷವನ್ನು ಅನುಮಾನಿಸಬೇಡಿ.

ಮನೆಗೆ ಮರಳಿ, ಕೆಲಸಕ್ಕೆ ಸೇರಿದ ಮೇಲೆ ಇದೆಲ್ಲ ಉಳಿಯುತ್ತದೆಯೇ?

ಎಲ್ಲವೂ ಉಳಿಯುವುದಿಲ್ಲ. ಮಂಗಳೂರಿಗೋ ಬೆಂಗಳೂರಿಗೋ ಹೋದವರ ಪತ್ರಗಳಲ್ಲಿ ಕಾಣುವಂತೆ, ಮೊದಲು ಕಳಚಿಕೊಳ್ಳುವುದು ಬೆಳಗಿನ ಮೌನ. ಸಂಜೆಯ ಮೂರು ಪ್ರಶ್ನೆಗಳು ಬಸ್ಸಿನಲ್ಲೂ ಕೇಳಿಕೊಳ್ಳಬಹುದಾದ್ದರಿಂದ ಹೆಚ್ಚು ಕಾಲ ಬಾಳುತ್ತವೆ. ಒಬ್ಬರೇ ಉಳಿಸಿಕೊಳ್ಳುವುದು ಕಷ್ಟ. ಜೊತೆಗಿದ್ದ ಒಬ್ಬರೊಡನೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವ ಏರ್ಪಾಡು ಮಾಡಿಕೊಂಡೇ ಇಲ್ಲಿಂದ ಹೊರಡಿ.

ನನಗೆ ಒಂದು ವರ್ಷ ಬಿಡುವಿಲ್ಲ. ಭಾನುವಾರ ಮಾತ್ರ ಬಂದರೆ ಪ್ರಯೋಜನವಿದೆಯೇ?

ಖಂಡಿತ ಇದೆ. ನಿಮ್ಮ ಪಂಚಾಯತಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಾಲಿಯೇಟಿವ್ ನರ್ಸ್ ಇರುತ್ತಾರೆ. ಮೊದಲು ಅವರನ್ನು ಕಾಣಿ. ಹಲವು ಮನೆಗಳನ್ನು ಒಪ್ಪಿಕೊಳ್ಳದೆ ಒಂದೇ ಮನೆಯನ್ನು ಕೇಳಿ ಪಡೆಯಿರಿ. ಮೊದಲ ಕೆಲವು ವಾರ ಅವರ ಜೊತೆಯಲ್ಲೇ ಹೋಗಿ. ಬರಲಾಗದ ಭಾನುವಾರವಿದ್ದರೆ ಶನಿವಾರ ಮಧ್ಯಾಹ್ನದೊಳಗೆ ಮನೆಯವರಿಗೂ ನರ್ಸ್‌ಗೂ ತಿಳಿಸಿ. ನೀವು ಬರುತ್ತೀರೆಂದು ಆ ಮನೆಯ ಸೊಸೆ ಪೇಟೆಯ ಕೆಲಸವನ್ನೆಲ್ಲ ಆ ಹೊತ್ತಿಗೆಂದೇ ಇಟ್ಟುಕೊಂಡಿರುತ್ತಾರೆ.